ನಮ್ಮ ಪಿಕಪ್ಪಿಗೆ ಸೂಪರ್‌ಚಾರ್ಜರ್ ಹಾಕಿಸಹೊರಟಿದ್ದು

ಎಂಜಿನ್ ಬಗ್ಗೆ ನನಗೆ ಎಲ್ಲ ಗೊತ್ತು ಎಂದು ನಾನು ಪೂರ್ತಿ ಎಂಟು ದಿನ ನಂಬಿದ್ದೆ. ಆ ಎಂಟು ದಿನ ಬಹಳ ಸುಖವಾಗಿದ್ದೆ.

ನಾನು ಅಫಜಲಪುರದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಪಾಠ ಬಿಟ್ಟರೆ ನನ್ನ ಇನ್ನೊಂದು ಕಸುಬು ಕಾರ್ಯಕ್ರಮ ನಿರೂಪಣೆ. ಆಳಂದ, ಜೇವರ್ಗಿ, ಯಡ್ರಾಮಿ, ಎಲ್ಲಿ ವೇದಿಕೆ ಹಾಕಿದರೂ ಮೈಕ್ ಹಿಡಿಯಲು ನನಗೆ ಕರೆ ಬರುತ್ತದೆ. ಹೋದ ಕೂಡಲೇ ‘ನಿರೂಪಕರು’ ಎಂಬ ಬ್ಯಾಜು ಚುಚ್ಚುತ್ತಾರೆ, ಕೊನೆಗೆ ಒಂದು ಶಾಲು ಹೊದಿಸಿ ಕಳಿಸುತ್ತಾರೆ. ಹೀಗೆ ಬಂದ ಶಾಲುಗಳು ಒಂದು ಟ್ರಂಕು ತುಂಬಿ ಎರಡನೆಯದರ ಅರ್ಧಕ್ಕೆ ಬಂದಿವೆ. ನಮ್ಮ ಕಡೆಯ ಬಿಸಿಲಿನಲ್ಲಿ ಶಾಲು ಹೊದೆಯುವ ಧೈರ್ಯ ಯಾರಿಗೂ ಇಲ್ಲ, ಎಸೆಯುವ ಮನಸ್ಸು ನನಗಿಲ್ಲ.

ನಮ್ಮ ಮನೆಯವರು ಶರಣಪ್ಪ. ಅವರದು ಒಂದು ಪಿಕಪ್ ಗಾಡಿ. ಮಾತು ಕಡಿಮೆ, ಕೆಲಸ ಜಾಸ್ತಿ. ಮನೆಯಲ್ಲಿ ಮಾತಿನ ಇಲಾಖೆ ಪೂರ್ತಿ ನನ್ನ ಕಡೆ ಇರುವುದರಿಂದ ಅವರಿಗೆ ತೊಂದರೆಯೂ ಇಲ್ಲ. ಆ ಗಾಡಿ ಮುಖ್ಯವಾಗಿ ಓಡುವುದು ಅವರ ತಂಗಿ, ಅಂದರೆ ನನ್ನ ನಾದಿನಿ ಜಗದೇವಿಯ ರೊಟ್ಟಿ ಕೇಂದ್ರಕ್ಕೆ.

ಜಗದೇವಿ ರೊಟ್ಟಿ ಬಡಿಯುವುದನ್ನು ನೋಡಲೇಬೇಕು. ಎರಡೂ ಕೈ ಒಂದೇ ತಾಳದಲ್ಲಿ ಬೀಳುತ್ತವೆ, ಹಿಟ್ಟು ತಾನಾಗಿಯೇ ತಿರುಗುತ್ತ ಹಿಗ್ಗುತ್ತ ಹೋಗುತ್ತದೆ, ನೋಡನೋಡುವಷ್ಟರಲ್ಲಿ ಹಂಚಿನ ಅಗಲಕ್ಕೆ ಬಂದಿರುತ್ತದೆ. ಎಲ್ಲೂ ಹರಿಯುವುದಿಲ್ಲ. ನಾನು ಬಡಿದ ರೊಟ್ಟಿಯನ್ನು ಮಕ್ಕಳು ಭೂಗೋಳ ಕಲಿಯಲು ಬಳಸಬಹುದು. ಆರು ಮಂದಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು, ಯಾರ ಮುಂದೆಯೂ ಕೈ ಚಾಚದೆ, ಅವಳು ಕಟ್ಟಿದ ಕೇಂದ್ರ ಅದು. ನನಗೆ ಅವಳ ಮೇಲೆ ಬಹಳ ಅಭಿಮಾನ. ಗಾಡಿಯ ಹಿಂದಿನ ಬಾಗಿಲಿಗೆ ‘ಜಗದೇವಿ ಖಡಕ್ ರೊಟ್ಟಿ ಕೇಂದ್ರ’ ಎಂಬ ದೊಡ್ಡ ಸ್ಟಿಕ್ಕರ್ ಮಾಡಿಸಿ ಅಂಟಿಸಿದವಳೂ ನಾನೇ. ಒಂದೂ ಗುಳ್ಳೆ ಬರದ ಹಾಗೆ ಸ್ಕೇಲಿನಿಂದ ಉಜ್ಜಿ ಉಜ್ಜಿ ಅಂಟಿಸಿದ್ದೆ.

ಈ ಸಲ ಸಂಕ್ರಾಂತಿ ಮುಂದೆ ತೊಗರಿ ಒಕ್ಕುವ ರಾಶಿ ಶುರುವಾಯಿತು. ನಮ್ಮವರು ರಾಶಿ ಮಷಿನ್ನಿನ ಪಕ್ಕದಲ್ಲೇ ಪಿಕಪ್ ನಿಲ್ಲಿಸಿ ಚೀಲ ತುಂಬಿಸುತ್ತಿದ್ದರು. ರಜೆ ಇದ್ದುದರಿಂದ ನಾನೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಹೊಟ್ಟು, ಧೂಳು, ಎದುರಿಗಿದ್ದವರ ಮುಖ ಕಾಣುವುದಿಲ್ಲ. ಆಗ ಒಂದು ವಿಷಯ ಗಮನಿಸಿದೆ. ಮಷಿನ್ ಓಡಿಸುವ ಟ್ರ್ಯಾಕ್ಟರಿನವನು ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿದ್ದ. ಹೊಟ್ಟು ಒಳಗೆ ಹೋಗಬಾರದಲ್ಲ! ಎಂಥ ಜಾಣತನ ಎಂದು ಮನಸ್ಸಿನಲ್ಲೇ ಮೆಚ್ಚಿದೆ. ಮರುಗಳಿಗೆಯೇ ನಮ್ಮ ಗಾಡಿಯ ಬಗ್ಗೆ ಕರುಳು ಚುರ್ ಎಂದಿತು.

ಬುತ್ತಿಯ ಗಂಟನ್ನು ನಾನು ಹಳೆಯ ಶಾಲೊಂದರಲ್ಲಿ ಸುತ್ತಿ ತಂದಿದ್ದೆ. ನರೋಣಾದ ಸಮಾರಂಭದಲ್ಲಿ ಹೊದಿಸಿದ್ದು, ದಪ್ಪ, ಜರಿ ಅಂಚು. ನಮ್ಮವರು ಊಟಕ್ಕೆ ಕೂತಾಗ ಬಾನೆಟ್ ಎತ್ತಿ, ಗಾಳಿಯ ಪೈಪು ಹುಡುಕಿ, ಅದರ ಬಾಯಿಗೆ ಶಾಲನ್ನು ಎರಡು ಪದರ ಮಾಡಿ ಸುತ್ತಿದೆ. ಬಿಚ್ಚಿಕೊಳ್ಳಬಾರದೆಂದು ಪರ್ಸಿನಲ್ಲಿದ್ದ ಬ್ಯಾಜು ತೆಗೆದು ಅದರ ಪಿನ್ನನ್ನು ಚುಚ್ಚಿದೆ. ಬಂದು, ಗಾಳಿಯ ಕಡೆಯದನ್ನೆಲ್ಲ ನಾನು ಭದ್ರ ಮಾಡಿದ್ದೇನೆ, ಇನ್ನು ಆ ಚಿಂತೆ ನಿಮಗೆ ಬೇಡ ಎಂದು ನಮ್ಮವರಿಗೆ ಹೇಳಿದೆ. ಅವರು ತುತ್ತು ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದರು.

ರಾಶಿ ಮುಗಿಯಿತು. ಒಂದೆರಡು ವಾರ ಕಳೆಯುವುದರಲ್ಲಿ ಗಾಡಿಯ ಎಳೆತ ಕಮ್ಮಿಯಾಗುತ್ತ ಬಂತು. ಸಮನೆಲದಲ್ಲಿ ಹೇಗೋ ಹೋಗುತ್ತಿತ್ತು. ಏರು ಬಂದರೆ ಕಪ್ಪು ಹೊಗೆ ಬಿಟ್ಟು, ಸಂತೆಗೆ ಹೊರಟ ಎಮ್ಮೆಯ ಹಾಗೆ ನಿಧಾನವಾಗಿ ಹೆಜ್ಜೆ ಇಡುತ್ತಿತ್ತು. ನಮ್ಮವರು ಡೀಸೆಲ್ ಫಿಲ್ಟರ್ ಬದಲಿಸಿದರು, ಆಯಿಲ್ ಬದಲಿಸಿದರು. ಗಾಳಿ ಫಿಲ್ಟರ್ ನೋಡಲೆಂದು ಬಾನೆಟ್ಟಿಗೆ ಕೈ ಹಾಕಿದಾಗ ನಾನೇ ತಡೆದೆ. ಭದ್ರ ಮಾಡಿದ್ದನ್ನು ಮತ್ತೆ ಬಿಚ್ಚುವುದೇಕೆ?

ಇದರ ಫಲವಾಗಿ ಆಳಂದದ ಒಂದು ದೊಡ್ಡ ಮನೆತನದ ಮದುವೆಗೆ ರೊಟ್ಟಿ ತಲುಪಿದ್ದು ಮೊದಲ ಪಂಕ್ತಿಯವರು ಕೈ ತೊಳೆಯುವಾಗ. ಜಗದೇವಿ ಎಲ್ಲರ ಮುಂದೆ ಕೈ ಮುಗಿದು ತಪ್ಪಾಯಿತು ಎಂದಳು. ಮನೆಯ ಯಜಮಾನರು ಒಳ್ಳೆಯವರು, ರೇಗಲಿಲ್ಲ. ಇನ್ನು ಹತ್ತು ದಿನಕ್ಕೆ ತಮ್ಮ ಎರಡನೆಯ ಮಗಳ ಮದುವೆ ಇದೆ, ಅದಕ್ಕೂ ನೀವೇ ರೊಟ್ಟಿ ತನ್ನಿ, ಆದರೆ ಆವತ್ತೂ ತಡವಾದರೆ ಮುಂದೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಆ ಮನೆಯವರು ಬೇಡವೆಂದರೆ ಸುತ್ತಲಿನ ಹತ್ತು ಮನೆಯವರು ಬೇಡವೆನ್ನುತ್ತಾರೆ. ಅಂದರೆ ಆರು ಮಂದಿಯ ಒಲೆಯ ಮಾತು. ಮನೆಗೆ ಬರುವವರೆಗೂ ಜಗದೇವಿ ಆ ಹತ್ತು ಮನೆಗಳನ್ನು ಬೆರಳು ಮಡಚಿ ಎಣಿಸುತ್ತಿದ್ದಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಈ ಎಂಜಿನ್ನಿನ ಸಂಗತಿಯನ್ನು ನಾನೇ ಕೈಗೆತ್ತಿಕೊಳ್ಳುತ್ತೇನೆ ಎಂದು ಘೋಷಿಸಿದೆ.

ಮೊಬೈಲಿನಲ್ಲಿ ವಿಡಿಯೋ ನೋಡಲು ಕೂತೆ. ಎಂಟು ದಿನ! ಎಂಜಿನ್ನಿಗೆ ಬಲ ಬೇಕೆಂದರೆ ಗಾಳಿಯನ್ನು ಒತ್ತಿ ಒಳಗೆ ತುಂಬಬೇಕಂತೆ. ಅದಕ್ಕೆ ಎರಡು ದಾರಿ. ಒಂದು ಟರ್ಬೋ. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಗಾಳಿ ಒತ್ತುತ್ತದೆ. ದಂಡವಾಗಿ ಹೋಗುವ ಹೊಗೆಯನ್ನು ದುಡಿಮೆಗೆ ಹಚ್ಚುವ ಬುದ್ಧಿ! ಆದರೆ ಹೊಗೆ ಜೋರಾಗುವವರೆಗೆ ಒಂದು ಗಳಿಗೆ ಕಾಯಬೇಕು. ಇನ್ನೊಂದು ಸೂಪರ್‌ಚಾರ್ಜರ್. ಎಂಜಿನ್ನಿಗೇ ಬೆಲ್ಟ್ ಕಟ್ಟಿ ತಿರುಗಿಸುವುದು. ಎಂಜಿನ್ನಿನ ಬಲದಲ್ಲಿ ಸ್ವಲ್ಪ ತಾನೇ ತಿನ್ನುತ್ತದೆ, ಆದರೆ ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕ್ಷಣದಲ್ಲೇ ಗಾಡಿ ಜಿಗಿಯುತ್ತದೆ. ಇದನ್ನೆಲ್ಲ ಕಂಡುಹಿಡಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಕಾಯುವುದು ನನ್ನ ಜಾಯಮಾನವಲ್ಲವಾದ್ದರಿಂದ ನಾನು ಸೂಪರ್‌ಚಾರ್ಜರ್ ಪಕ್ಷ ಸೇರಿದೆ.

ಎದುರು ಮನೆಯ ಗೊಬ್ಬರದಂಗಡಿ ಸಿದ್ದಾರಾಮಪ್ಪನವರು ಟರ್ಬೋ ಪಕ್ಷ. ಅವರು ಕಟ್ಟೆಯ ಮೇಲೆ ಕೂತು, ಪುಕ್ಕಟೆ ಸಿಗುವ ಹೊಗೆಯಿಂದ ಕೆಲಸವಾಗುವಾಗ ಎಂಜಿನ್ನಿನ ಬಲ ಯಾಕೆ ಕದಿಯಬೇಕು ಎಂದು ಕೇಳುವರು. ನಾನು ಅಂಗಳದಲ್ಲಿ ನಿಂತು, ಏರಿನ ನಡುವೆ ಹೊಗೆಗಾಗಿ ಕಾಯುತ್ತ ಕೂತರೆ ರೊಟ್ಟಿಯ ಗತಿ ಏನು ಎಂದು ಉತ್ತರಿಸುವೆ. ಓಣಿಯಲ್ಲಿ ಎರಡು ಗುಂಪುಗಳಾದವು. ನಮ್ಮ ಮನೆಯವರು ಯಾವ ಗುಂಪಿಗೂ ಸೇರದೆ ಚಹಾ ಕುಡಿಯುತ್ತಿದ್ದರು.

ರೊಟ್ಟಿ ಕೇಂದ್ರಕ್ಕೂ ಹೋಗಿ ಪಾಠ ಮಾಡಿದೆ. ಒಲೆಯ ಮುಂದೆ ಕೂತು ಊದುಗೊಳವೆ ಎತ್ತಿಕೊಂಡು, ನಾವೇ ಊದಿದರೆ ಅದು ಸೂಪರ್‌ಚಾರ್ಜರ್, ಒಲೆಯ ಹೊಗೆಯೇ ತಿರುಗಿ ಬಂದು ಊದಿದರೆ ಅದು ಟರ್ಬೋ ಎಂದು ವಿವರಿಸಿದೆ. ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದು ಕೇಳಿದರು. ಜಗದೇವಿ ರೊಟ್ಟಿ ತಿರುವುತ್ತಲೇ ಹೇಳಿದಳು.

“ವೈನಿ, ಊದೂದು ಆಮ್ಯಾಲ ನೋಡೋಣ್ರಿ. ಒಲಿ ಬಾಯಾಗ ಬೂದಿ ತುಂಬಿದ್ರ ಎಷ್ಟ್ ಊದಿದ್ರೂ ಉರಿ ಹತ್ತಂಗಿಲ್ಲ. ಮೊದ್ಲ ಅದನ್ನ ತಗೀಬೇಕ್ರಿ.”

ಅವಳಿಗೆ ತಾಂತ್ರಿಕ ವಿಷಯ ತಿಳಿಯದು ಎಂದು ನಾನು ಕರುಣೆಯಿಂದ ನಕ್ಕೆ.

ಆಳಂದದ ಹೊರಗೆ ರಸ್ತೆ ಪಕ್ಕದಲ್ಲಿ ಇಸ್ಮಾಯಿಲ್ ಮಿಸ್ತ್ರಿಯವರ ತಗಡಿನ ಶೆಡ್ ಇದೆ. ಪಿಕಪ್ ಗಾಡಿಗಳ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಮದುವೆಯ ದಿನ ಬೇಗ ಹೊರಟು, ದಾರಿಯಲ್ಲಿ ಹತ್ತು ನಿಮಿಷ ಅವರಿಗೆ ಗಾಡಿ ತೋರಿಸಿ ಸೂಪರ್‌ಚಾರ್ಜರಿಗೆ ಹೇಳಿ ಹೋಗುವುದೆಂದು ತೀರ್ಮಾನಿಸಿದೆ. ಬಾಯಿಮಾತು ಬೇಡವೆಂದು ಅರ್ಜಿಯನ್ನೂ ಬರೆದೆ.

“ಮಾನ್ಯರೇ, ವಿಷಯ: ನಮ್ಮ ಪಿಕಪ್ ವಾಹನಕ್ಕೆ ಸೂಪರ್‌ಚಾರ್ಜರ್ ಅಳವಡಿಸಿಕೊಡುವ ಕುರಿತು. ಉಲ್ಲೇಖ: ನಾನು ವೀಕ್ಷಿಸಿದ ಹದಿನೇಳು ವಿಡಿಯೋಗಳು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ವಾಹನವು ಏರು ಬಂದ ಕೂಡಲೇ ನಿರುತ್ಸಾಹ ತೋರುತ್ತಿದ್ದು, ತಾವು ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ವಿನಂತಿ.”

ಮದುವೆ ಭಾನುವಾರ. ಬೆಳಿಗ್ಗೆ ಆರಕ್ಕೆ ರೊಟ್ಟಿಯ ಬುಟ್ಟಿಗಳನ್ನು ಹೇರಿಕೊಂಡು ಹೊರಟೆವು. ಮುಂದಿನ ಸೀಟಿನಲ್ಲಿ ನಮ್ಮವರು, ನಡುವೆ ಜಗದೇವಿ, ಕಿಟಕಿಯ ಪಕ್ಕ ತಾಂತ್ರಿಕ ಸಲಹೆಗಾರಳಾದ ನಾನು. ನನ್ನ ಲೆಕ್ಕದಲ್ಲಿ ಒಂಬತ್ತಕ್ಕೆ ಶೆಡ್ ತಲುಪಬೇಕಿತ್ತು. ಗಾಡಿಗೆ ಬೇರೆ ಲೆಕ್ಕವಿತ್ತು. ಒಂದೊಂದು ಏರಿನಲ್ಲೂ ಹೊಗೆ ಉಗುಳಿ ನಿಲ್ಲುವುದು, ನಾವು ಮೂವರೂ ಸೀಟಿನಲ್ಲೇ ಮುಂದಕ್ಕೆ ಬಾಗಿ ಅದಕ್ಕೆ ಧೈರ್ಯ ತುಂಬುವುದು. ಜೋಳದ ಚೀಲ ಹೇರಿದ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ. ಹೋಗುವಾಗ ತಿರುಗಿ ಮರುಕದಿಂದ ನೋಡಿದ. ಜಗದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಶೆಡ್ಡಿನ ಮುಂದೆ ಗಾಡಿ ನಿಂತಾಗ ಹನ್ನೊಂದೂವರೆ. ಅಕ್ಷತೆ ಹನ್ನೆರಡೂವರೆಗೆ, ಆಮೇಲೆ ಊಟ. ಮತ್ತೆ ಸ್ಟಾರ್ಟ್ ಮಾಡಿದರೆ ಗಾಡಿ ಕೆಮ್ಮಿತೇ ವಿನಾ ಮುಂದೆ ಹೋಗಲಿಲ್ಲ.

ಇಸ್ಮಾಯಿಲ್ ಮಿಸ್ತ್ರಿ ಬಿಳಿಗಡ್ಡದ ಶಾಂತ ಮನುಷ್ಯ. ಕೈ ಒರೆಸಿಕೊಂಡು ನನ್ನ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮಡಚಿ ಜೇಬಿನಲ್ಲಿಟ್ಟುಕೊಂಡರು. ನಾನು ಸೂಪರ್‌ಚಾರ್ಜರಿನ ಗುಣಗಾನ ಆರಂಭಿಸಿದೆ. ಅದು ಟರ್ಬೋಗಿಂತ ಯಾಕೆ ಮೇಲು ಎಂಬಲ್ಲಿಗೆ ಬಂದಾಗ ಅವರು ಮೆಲ್ಲನೆ, ಈ ಗಾಡಿಗೆ ಟರ್ಬೋ ಕಂಪನಿಯಿಂದಲೇ ಬಂದಿದೆಯಲ್ಲ ಎಂದರು. ಸಾಧ್ಯವೇ ಇಲ್ಲ ಎಂದೆ ನಾನು. ಅವರು ನನ್ನನ್ನು ಗಾಡಿಯ ಹಿಂದೆ ಕರೆದೊಯ್ದು, ನಾನು ಸ್ಕೇಲಿನಿಂದ ಉಜ್ಜಿ ಅಂಟಿಸಿದ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು. ಕೆಳಗೆ ಕೆಂಪು ಅಕ್ಷರದಲ್ಲಿ ಟರ್ಬೋ ಎಂದಿತ್ತು.

ನಾನು ನಮ್ಮ ಮನೆಯವರ ಕಡೆ ತಿರುಗಿದೆ.

“ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಹೇಳಬಾರದಿತ್ತೇನ್ರಿ?”

“ಎಂಟ್ ದಿನದಾಗ ನನಗ ಮಾತಾಡಾಕ ಎಲ್ಲಿ ಜಾಗ ಬಿಟ್ಟಿ?”

ಆದರೂ ನಾನು ಸೋಲೊಪ್ಪಲಿಲ್ಲ. ಹಾಗಾದರೆ ಟರ್ಬೋ ಜೊತೆಗೆ ಸೂಪರ್‌ಚಾರ್ಜರನ್ನೂ ಹಾಕಿ, ಎರಡೂ ಕೂಡಿ ಎಳೆಯಲಿ ಎಂದೆ. ಹದಿನಾಲ್ಕನೆಯ ವಿಡಿಯೋದಲ್ಲಿ ಹಾಗೂ ಇತ್ತು. ಮಿಸ್ತ್ರಿ ಎಂಜಿನ್ ಚಾಲೂ ಮಾಡಿಸಿ, ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಕಿವಿ ಕೊಟ್ಟು ನಿಂತರು.

“ಮೇಡಂ, ಒಂದ್ ಮಿನಿಟ್ ಸುಮ್ಮನಿರ್ರಿ. ಗಾಡಿ ಮಾತಾಡಾಕತ್ತದ.”

ವೇದಿಕೆಗಳ ಮೇಲೆ ಎಷ್ಟೋ ದೊಡ್ಡವರನ್ನು ನಾನು ಬಾಯಿತುಂಬ ಹೊಗಳಿದ್ದೇನೆ. ಆ ಮನುಷ್ಯ ಕೇಳುತ್ತ ನಿಂತ ಬಗೆಗೆ ಮಾತ್ರ ನನ್ನ ಬಳಿ ಒಂದು ವಿಶೇಷಣವೂ ಇರಲಿಲ್ಲ. ಅರ್ಧ ನಿಮಿಷ. ಎಂಜಿನ್ ಬಂದ್ ಮಾಡಿಸಿ, ನೇರವಾಗಿ ಗಾಳಿಯ ಪೈಪಿನ ಬಾಯಿಗೆ ಕೈ ಹಾಕಿ ಎಳೆದರು. ಎಳೆದಷ್ಟೂ ಬಂತು. ತೊಗರಿ ಹೊಟ್ಟಿನಿಂದ ಗಟ್ಟಿಯಾದ, ಮಣ್ಣು ಬಣ್ಣಕ್ಕೆ ತಿರುಗಿದ, ಅಂಚಿನಲ್ಲಿ ಇನ್ನೂ ಜರಿ ಮಿನುಗುತ್ತಿದ್ದ ಎರಡು ಪದರದ ಶಾಲು. ಕೊನೆಗೆ ಪಿನ್ನಿಗೆ ಅಂಟಿಕೊಂಡ ಬ್ಯಾಜು. ಮಿಸ್ತ್ರಿ ಅದನ್ನು ಹೆಬ್ಬೆರಳಿನಿಂದ ಒರೆಸಿ ಓದಿದರು.

“ನಿರೂಪಕರು. ಇವ್ರ್ಯಾರ್ರಿ?”

ಜಗದೇವಿ ನನ್ನನ್ನು ನೋಡಿದಳು. ನಮ್ಮ ಮನೆಯವರು ನನ್ನನ್ನು ನೋಡಿದರು. ನಾನು ರಸ್ತೆಯನ್ನು ನೋಡಿದೆ.

ರಾಶಿಯ ದಿನದ ಕಥೆಯನ್ನೆಲ್ಲ ಒಪ್ಪಿಸಿದೆ. ಮಿಸ್ತ್ರಿ ನಗದೆ ಕೇಳಿದರು. ಅದೇ ಅವರ ದೊಡ್ಡತನ. ಟ್ರ್ಯಾಕ್ಟರಿನವರು ಕಟ್ಟುವುದು ಸೀರೆಯಂಥ ತೆಳುಬಟ್ಟೆ, ಅದನ್ನೂ ದಿನಾ ಸಂಜೆ ಬಿಚ್ಚಿ ಝಾಡಿಸುತ್ತಾರೆ ಎಂದರು. ಕಟ್ಟುವುದನ್ನು ನಾನು ನೋಡಿದ್ದೆ. ಬಿಚ್ಚುವ ಹೊತ್ತಿಗೆ ಮನೆಗೆ ಬಂದಿದ್ದೆ. ಅವರು ಫಿಲ್ಟರನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ ಕೂಡಿಸಿದರು. ಕೂಲಿ ಕೊಡಲು ಹೋದರೆ ಬೇಡವೆಂದರು, ಅರ್ಜಿಯನ್ನು ಮಾತ್ರ ಇಟ್ಟುಕೊಳ್ಳುತ್ತೇನೆ, ಇಂಥದ್ದು ಈ ಶೆಡ್ಡಿಗೆ ಮೊದಲು ಬಂದಿರಲಿಲ್ಲ ಎಂದರು.

ಗಾಡಿ ಹೊರಟಿತು ನೋಡಿ! ಹತ್ತುವ ಮುಂಚೆಯೇ ಏರು ಮುಗಿದಿರುತ್ತಿತ್ತು. ನಾನು ಎಂಟು ದಿನ ಹಳಿದ ಆ ಟರ್ಬೋ ಸಣ್ಣಗೆ ಸಿಳ್ಳೆ ಹಾಕುತ್ತ ನಮ್ಮನ್ನು ಎಳೆದುಕೊಂಡು ಹೋಯಿತು. ನನಗೆ ಆ ಸಿಳ್ಳೆ ಕೇಳಿ ಕಣ್ಣು ತುಂಬಿತು. ಹೋದ ಸಲ ಎಲ್ಲರ ಮುಂದೆ ಕೈ ಮುಗಿದವಳು ಜಗದೇವಿ, ಮುಗಿಯಬೇಕಾಗಿದ್ದವಳು ನಾನು. ಅದನ್ನು ಅವಳಿಗೆ ಹೇಳಿದೆ. ತಪ್ಪು ನನ್ನದಿತ್ತು, ಮಾತು ಕೇಳಬೇಕಾಗಿ ಬಂದದ್ದು ನಿನಗೆ ಎಂದೆ. ಅವಳು ನನ್ನ ಕೈ ಹಿಡಿದು, ಹೋಗ್ಲಿ ಬಿಡ್ರಿ ವೈನಿ, ಬೂದಿ ತೆಗೆದಾಯ್ತಲ್ಲ ಎಂದಳು. ನಗು ತಡೆಯಲು ಬಾಯಿಗೆ ಸೆರಗು ಹಿಡಿದಿದ್ದಳು.

ಅಕ್ಷತೆ ಬೀಳುವ ಹೊತ್ತಿಗೆ ರೊಟ್ಟಿ ಅಡುಗೆ ಮನೆಯಲ್ಲಿತ್ತು. ಮೊದಲ ಪಂಕ್ತಿಯವರು ರೊಟ್ಟಿ ಮುರಿದಾಗ ಬಂದ ಸದ್ದನ್ನು ಜಗದೇವಿ ಕಂಬದ ಹಿಂದೆ ನಿಂತು ಕೇಳಿದಳು. ಯಜಮಾನರು ತಾವೇ ಬಂದು, ಇನ್ನು ನಮ್ಮ ಮನೆಯ ಎಲ್ಲ ಕಾರ್ಯಕ್ಕೂ ನಿಮ್ಮದೇ ರೊಟ್ಟಿ ಎಂದು ಹೇಳಿ, ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಯಾರೋ ನನ್ನ ಗುರುತು ಹಿಡಿದು, ನಿರೂಪಕಿ ಮೇಡಂ ಕೂಡ ಬಂದಿದ್ದಾರೆ ಎಂದರು. ನನಗೂ ಒಂದು ಹೊದಿಸಿಯೇಬಿಟ್ಟರು. ದಪ್ಪ, ಜರಿ ಅಂಚು.

ಶಾಲು ಹೊದ್ದು ಕೆಳಗಿಳಿದು ಬಂದರೆ ನಮ್ಮ ಮನೆಯವರು ಕಾಣಲಿಲ್ಲ. ಎಲೆಯ ಮೇಲೆ ಅರ್ಧ ರೊಟ್ಟಿ ಹಾಗೇ ಇತ್ತು. ಹುಡುಕುತ್ತ ಹೊರಗೆ ಬಂದೆ. ಪಿಕಪ್ಪಿನ ಬಾನೆಟ್ ಮೇಲೆ ಕೂತಿದ್ದರು.

“ನೀ ಊಟ ಮಾಡಿ ಬಾ,” ಅಂದರು, “ನಾ ಇಲ್ಲೇ ಕುಂತಿರ್ತೇನಿ.”