ದರ್ಜಿಯ ನಾಯಿ, ನನ್ನ ಸೊಂಟ

ಗೆಳೆಯರು ಸಾಯುವಾಗ ಏನಾದರೂ ಬಿಟ್ಟುಹೋಗುವುದುಂಟು. ಕೆಲವರು ಪುಸ್ತಕ ಬಿಟ್ಟುಹೋಗುತ್ತಾರೆ, ಕೆಲವರು ಕೈಗಡಿಯಾರ. ನನ್ನ ಗೆಳೆಯ ದರ್ಜಿ ನಾಯಿ ಬಿಟ್ಟುಹೋದ. ಬರೀ ನಾಯಿಯಾಗಿದ್ದರೆ ಹೇಗೋ ಸುಧಾರಿಸಿಕೊಳ್ಳಬಹುದಿತ್ತು. ಇದು ನಾಲ್ಕು ತಲೆಮಾರಿನ ವಂಶಾವಳಿ, ಮೊಹರು ಒತ್ತಿದ ಪ್ರಮಾಣಪತ್ರ, ಜೊತೆಗೆ ಶ್ವಾನ ಸಂಘದ ಅರ್ಜಿ ಸಮೇತ ಬಂದ ನಾಯಿ.

ದರ್ಜಿಯ ಅಂಗಡಿ ನಾನು ಕೆಲಸ ಮಾಡುವ ಗ್ರಂಥಾಲಯದ ಎದುರಿಗೇ ಇತ್ತು. ಮೂವತ್ತು ವರ್ಷ ಪ್ರತಿ ಸಂಜೆ ಗ್ರಂಥಾಲಯಕ್ಕೆ ಬೀಗ ಹಾಕಿ, ರಸ್ತೆ ದಾಟಿ, ಅವನ ಅಂಗಡಿಯ ಸ್ಟೂಲಿನ ಮೇಲೆ ಕುಳಿತಿದ್ದೇನೆ. ಈ ಮೂವತ್ತು ವರ್ಷದಲ್ಲಿ ನಾನು ತೊಟ್ಟ ಪ್ಯಾಂಟೆಲ್ಲ ಅವನೇ ಹೊಲಿದದ್ದು. "ಬಾರೋ ಪುಸ್ತಕದ ಹುಳ, ನಿಲ್ಲು" ಎಂದು ಕೊರಳಿನ ಟೇಪನ್ನು ಸರ್ರನೆ ಎಳೆದರೆ ಸಾಕು, ನಾನು ಎರಡೂ ಕೈ ಚಾಚಿ, ಹೊಟ್ಟೆ ಒಳಗೆಳೆದುಕೊಂಡು, ಗೋಡೆ ನೋಡುತ್ತ ನಿಲ್ಲುತ್ತಿದ್ದೆ. ಅವನು ಅಳೆದು ಗಟ್ಟಿಯಾಗಿ ಕೂಗುತ್ತಿದ್ದ: "ಸೊಂಟ ಮೂವತ್ತನಾಲ್ಕು!" ಮದುವೆಯಾದ ವರ್ಷವೂ ಮೂವತ್ತನಾಲ್ಕು, ಹೋದ ವರ್ಷವೂ ಮೂವತ್ತನಾಲ್ಕು. (ಈ ವಿಷಯವನ್ನು ನಾನು ಮನೆಯಲ್ಲಿ ಆಗಾಗ ಹೇಳುತ್ತಿದ್ದೆ. ಹೆಂಡತಿ ಆಗೆಲ್ಲ ಕಿಟಕಿಯ ಕಡೆ ನೋಡುತ್ತಿದ್ದಳು.)

ಅವನು ಹೋಗಿ ಎರಡು ವಾರದ ಮೇಲೆ ಅವನ ಅಕ್ಕ ಒಂದು ಬುಟ್ಟಿ ತಂದು ನಮ್ಮ ಬಾಗಿಲಲ್ಲಿ ಇಟ್ಟರು. ಬುಟ್ಟಿಯಲ್ಲಿ ಒಂದು ಹಳೆಯ ಕಂಬಳಿ, ದರ್ಜಿಯ ಅಳತೆ ಪುಸ್ತಕ, ಕಾಗದಪತ್ರದ ಕಟ್ಟು, ಇವೆಲ್ಲದರ ಮೇಲೆ ನಾಯಿ. ಡ್ಯಾಶ್‌ಹೌಂಡ್ ಜಾತಿ: ಗಿಡ್ಡ ಕಾಲು, ಮುಗಿಯದ ಬೆನ್ನು. ಪ್ರಮಾಣಪತ್ರದಲ್ಲಿ ಅದರ ಹೆಸರು 'ಬೆಳ್ಳಿದಿಬ್ಬದ ರಾಜಾಧಿರಾಜ, ಮೂರನೆಯವನು'. ಅಂಗಡಿಯಲ್ಲಿ ಅದರ ಹೆಸರು ಇಂಚು. ಕಾಗದದ ಕಟ್ಟಿನ ಮೇಲೆ ಸೀಮೆಸುಣ್ಣ ಹಿಡಿದು ಪಳಗಿದ ಆ ದಪ್ಪ ಅಕ್ಷರದಲ್ಲಿ ಅವನು ಬರೆದಿದ್ದ: "ಪುಸ್ತಕದ ಹುಳಕ್ಕೆ. ಆಲ್ಟರೇಷನ್ ಬೇಡ, ಹೀಗೇ ಇರಲಿ."

ಓದಿ ಕಟ್ಟನ್ನು ಹೆಂಡತಿಯ ಕೈಗೆ ಕೊಟ್ಟೆ. ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು. ಅವಳು ವಂಶಾವಳಿಯನ್ನು ಬಿಡಿಸಿ ಓದತೊಡಗಿದಳು.

"ಇದರ ಮುತ್ತಜ್ಜ ಎರಡು ಸಲ ಚಾಂಪಿಯನ್ನಂತೆ ರೀ. ನಿಮ್ಮ ಮುತ್ತಜ್ಜನ ಹೆಸರೇನು?"

"ಗೊತ್ತಿಲ್ಲ."

"ಹೋಗಲಿ ಬಿಡಿ. ಮನೇಲಿ ಒಬ್ಬರಿಗಾದರೂ ಕುಲಗೋತ್ರ ಗೊತ್ತಿರಲಿ."

ಕಟ್ಟಿನ ಕೊನೆಯಲ್ಲಿ ಶ್ವಾನ ಸಂಘದ ವಾರ್ಷಿಕ ಪ್ರದರ್ಶನದ ಅರ್ಜಿಯ ಪ್ರತಿ ಇತ್ತು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ತುಂಬಿ ಕಳಿಸಿದ್ದ. 'ನಾಯಿಯನ್ನು ಹಿಡಿದು ನಡೆಸುವವರು' ಎಂಬ ಜಾಗದಲ್ಲಿ ನನ್ನ ಹೆಸರಿತ್ತು. ಅವನಿಗೆ ಮಂಡಿನೋವು, ನಿಜ. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ನಾನು ಬೈಯುತ್ತಿದ್ದೆ. ಬೈಯಿಸಿಕೊಳ್ಳದೆ ಹೊರಟುಹೋದ.

ಹೀಗೆ ನಾನು ಶ್ವಾನ ಸಂಘ ಸೇರಿದೆ. ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಸಭೆ ಅವರ ಕ್ಲಿನಿಕ್ಕಿನಲ್ಲೇ, ರೋಗಿಗಳು ಕಾಯುವ ಕೋಣೆಯಲ್ಲಿ. ಗೋಡೆಯ ಮೇಲೆ ಹುಳುಕುಹಲ್ಲಿನ ಚಿತ್ರ, ಅದರ ಪಕ್ಕ ಚಾಂಪಿಯನ್ ನಾಯಿಗಳ ಚಿತ್ರ. (ನಾಯಿಗಳ ಹಲ್ಲು ಚೆನ್ನಾಗಿದ್ದವು.) ಅಲ್ಲಿ ಮನುಷ್ಯರಿಗೆ ಹೆಸರಿಲ್ಲ. ಪಕ್ಕದಲ್ಲಿದ್ದವರೊಬ್ಬರು "ನೀವು?" ಎಂದು ಕೇಳಿದರು. "ಗ್ರಂಥಾಲಯದಲ್ಲಿದ್ದೇನೆ" ಎಂದೆ. "ಅದಲ್ಲಪ್ಪಾ, ನೀವು ಯಾವ ನಾಯಿ?" ಎಂದರು.

ಸಭೆ ಮುಗಿದ ಮೇಲೆ ಡಾಕ್ಟರು ನನ್ನನ್ನೂ ಜೊತೆಗಿದ್ದ ಇಂಚನ್ನೂ ಪಕ್ಕಕ್ಕೆ ಕರೆದರು.

"ಸಾರ್, ಬೇಜಾರು ಮಾಡ್ಕೋಬೇಡಿ. ದರ್ಜಿ ನನಗೂ ಬೇಕಾದವರೇ. ಆದ್ರೆ ನಾಯಿ ಕೊರಗ್ತಿದೆ. ನೋಡಿ, ಬಾಲ ಅಲ್ಲಾಡಿಸಲ್ಲ, ನಿಲ್ಸಿದ್ರೆ ನಿಲ್ಲಲ್ಲ. ನಮ್ಮನೇಲಿ ಇದೇ ಜಾತಿಯವು ಎರಡಿವೆ, ಓಡಾಡೋಕೆ ತೋಟ ಇದೆ. ನನಗೆ ಕೊಟ್ಬಿಡಿ."

ಅವರ ಮಾತು ಸುಳ್ಳಲ್ಲ. ಇಂಚು ನಮ್ಮ ಮನೆಗೆ ಬಂದಾಗಿನಿಂದ ಬಾಗಿಲ ಕಡೆ ಮುಖ ಮಾಡಿ ಮಲಗಿರುತ್ತಿತ್ತು. ಮುಂಚೆ ಹಾಗಿರಲಿಲ್ಲ. ದರ್ಜಿಗೆ ಕಣ್ಣು ಮಂಜಾದ ಮೇಲೆ, ಮಿಷನ್ನಿನಡಿ ಗುಂಡಿ ಉರುಳಿದರೆ ಹುಡುಕಿ ತಂದು ಅವನ ಪಾದದ ಬಳಿ ಇಡುವುದು ಇದರದೇ ಕೆಲಸವಾಗಿತ್ತು. ಆಗ ಬಾಲ ಹೊಲಿಗೆ ಮಿಷನ್ನಿನ ಸೂಜಿಗಿಂತ ಜೋರಾಗಿ ಓಡುತ್ತಿತ್ತು.

ಮನೆಗೆ ಬಂದು ಹೇಳಿದರೆ ಹೆಂಡತಿಯೂ ಡಾಕ್ಟರ ಪಕ್ಷ.

"ಕೊಟ್ಬಿಡಿ ರೀ. ಪಾಪ, ಅದರ ಮುಖ ನೋಡಕ್ಕಾಗಲ್ಲ. ಅಲ್ಲಿ ಜೊತೆಯಾದ್ರೂ ಇರುತ್ತೆ."

"ಅವನು ನನಗೆ ಕೊಟ್ಟಿದ್ದು ಕಣೇ."

"ಕೊಟ್ಟಿದ್ದು ನಾಯೀನ. ನೀವು ಇಟ್ಕೊಳ್ಳಕ್ಕೆ ನೋಡ್ತಿರೋದು ಅವರನ್ನ."

ಗಣಿತದವರ ಜೊತೆ ವಾದಿಸಬಾರದು, ಉತ್ತರ ಮೊದಲೇ ಅವರ ಹತ್ತಿರ ಇರುತ್ತದೆ. ನಾನು ಕಂಬಳಿಯ ಕಡೆ ನೋಡಿದೆ. ಅದರಲ್ಲಿ ಇನ್ನೂ ಸೀಮೆಸುಣ್ಣದ, ಮಿಷನ್ ಎಣ್ಣೆಯ ವಾಸನೆ ಇತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಪ್ರದರ್ಶನದ ದಿನ ತೀರ್ಪುಗಾರರ ಮೇಜಿನ ಮೇಲೆ ಇಂಚು ನೆಟ್ಟಗೆ ನಿಂತರೆ ನಮ್ಮ ಮನೆಯಲ್ಲಿರುತ್ತದೆ. ಮಲಗಿದರೆ ಅಲ್ಲಿಂದಲೇ ಡಾಕ್ಟರ ಮನೆಗೆ.

ಪ್ರದರ್ಶನಕ್ಕೆ ಐದು ವಾರವಿತ್ತು. ಗ್ರಂಥಾಲಯದಲ್ಲಿ ಶ್ವಾನಶಿಕ್ಷಣದ ಮೇಲೆ ಏಳು ಪುಸ್ತಕಗಳಿದ್ದವು. ಏಳನ್ನೂ ಓದಿ ಮುಗಿಸಿದೆ. ಇಂಚು ಒಂದನ್ನೂ ಓದಿರಲಿಲ್ಲವಾಗಿ ಮೊದಲಿನಂತೆಯೇ ಇತ್ತು. ದಿನಾ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಚಾಪೆ ಹಾಸಿ ನಿಲ್ಲಿಸುತ್ತಿದ್ದೆ, ಅದು ಇಸ್ತ್ರಿಗೆ ಹಾಸಿದ ಪ್ಯಾಂಟಿನಂತೆ ಉದ್ದಕ್ಕೆ ಬಿದ್ದುಕೊಳ್ಳುತ್ತಿತ್ತು. ಬಿಸ್ಕತ್ತು ತೋರಿಸಿದೆ, ಮಲಗಿಯೇ ತಿಂದಿತು. ಗದರಿಸಿದೆ, ಆಕಳಿಸಿತು. ಐದನೆಯ ಪುಸ್ತಕದಲ್ಲಿ 'ಶಿಕ್ಷಕನು ತಾನೇ ಮಾದರಿಯಾಗಬೇಕು' ಎಂದಿತ್ತು. ಸರಿ, ಇಂಚನ್ನು ಕೆಳಗಿಳಿಸಿ ನಾನೇ ಮೇಜು ಹತ್ತಿದೆ. ನಾಲ್ಕು ಕಾಲಾಗಿ, ಕತ್ತೆತ್ತಿ, ಉದಾತ್ತ ಭಾವದಿಂದ ನಿಂತೆ. ಆ ಹೊತ್ತಿಗೆ ಸರಿಯಾಗಿ ಹೆಂಡತಿ ಪಾಠಕ್ಕೆ ಬಂದ ಮೂವರು ಹುಡುಗಿಯರನ್ನು ಕರೆದುಕೊಂಡು ಒಳಗೆ ಬಂದಳು.

ಹುಡುಗಿಯರು ಒಮ್ಮೆ ನನ್ನನ್ನು, ಒಮ್ಮೆ ಇಂಚನ್ನು ನೋಡಿದರು.

"ಇವರು ನಮ್ಮ ಯಜಮಾನರು," ಎಂದಳು ಹೆಂಡತಿ. "ನಾಯಿ ಕೆಳಗಿದೆ."

ಪ್ರದರ್ಶನಕ್ಕೆ ತೊಡಲು ಹೊಸ ಪ್ಯಾಂಟು ಬೇಕಾಗಿತ್ತು. ಹೊಲಿಯುವವನಿಲ್ಲ. ಜೀವಮಾನದಲ್ಲಿ ಮೊದಲ ಸಲ ರೆಡಿಮೇಡ್ ಅಂಗಡಿಗೆ ಹೋಗಿ, ಗತ್ತಿನಿಂದ "ಮೂವತ್ತನಾಲ್ಕು ಕೊಡಿ" ಎಂದೆ. ಅಂಗಡಿಯವನು ನನ್ನನ್ನು ಮೇಲೆ ಕೆಳಗೆ ನೋಡಿ "ಯಾರಿಗೆ ಸಾರ್?" ಎಂದ. ಮನೆಗೆ ತಂದು ಹಾಕಿಕೊಂಡರೆ ಗುಂಡಿಗೂ ಕಾಜಾಕ್ಕೂ ಒಂದು ಗೇಣು ಅಂತರ.

"ಈಗಿನ ಕಂಪನಿಯವರಿಗೆ ಪ್ರಾಮಾಣಿಕತೆ ಇಲ್ಲ ಕಣೇ. ಇಂಚನ್ನೂ ಸಣ್ಣ ಮಾಡಿಬಿಟ್ಟಿದ್ದಾರೆ."

"ಹೌದು ಹೌದು," ಎಂದು ಅವಳು ಕಿಟಕಿಯ ಕಡೆ ನೋಡಿದಳು. ಪ್ರದರ್ಶನದ ಬೆಳಿಗ್ಗೆ ಎರಡೂ ತುದಿ ಹಿಡಿದು, ನನ್ನ ಬೆನ್ನಿಗೆ ಮಂಡಿ ಕೊಟ್ಟು ಎಳೆದು, ಗುಂಡಿ ಹಾಕಿಕೊಟ್ಟಳು. "ಇವತ್ತೆಲ್ಲ ಉಸಿರು ಹುಷಾರು" ಎಂದಳು.

ಮೈದಾನದಲ್ಲಿ ಹಗ್ಗ ಕಟ್ಟಿದ ಅಂಕಣ, ನಡುವೆ ಮೇಜು. ನಮ್ಮ ಜಾತಿಯಲ್ಲಿ ಮೂರೇ ನಾಯಿಗಳು: ಡಾಕ್ಟರ ಎರಡು, ನನ್ನದೊಂದು. ತೀರ್ಪು ಕೊಡಲು ಬೇರೆ ಊರಿಂದ ಬಂದಿದ್ದವರು ಬಿಳಿಕೂದಲಿನ, ನಗುವೆಂಬುದನ್ನು ಮನೆಯಲ್ಲೇ ಬಿಟ್ಟುಬಂದಿದ್ದ ಒಬ್ಬ ಹೆಂಗಸು. ಡಾಕ್ಟರ ನಾಯಿಗಳು ಮೇಜಿನ ಮೇಲೆ ಶಿಲಾಮೂರ್ತಿಗಳಂತೆ ನಿಂತವು. ನಾನು ಇಂಚನ್ನು ಎತ್ತಿ ಇಟ್ಟೆ. ಅದು ಎಂದಿನಂತೆ ಉದ್ದಕ್ಕೆ ಮಲಗಿತು.

"ನಿಲ್ಸಿ," ಎಂದರು ಅವರು.

ನಿಲ್ಲಿಸಿದೆ. ಮಲಗಿತು. ಮತ್ತೆ ಎತ್ತಿದೆ, ಮತ್ತೆ ಮಲಗಿತು. ಹಗ್ಗದಾಚೆ ಹೆಂಡತಿ ಸೆರಗಿನ ತುದಿ ಹಿಂಡುತ್ತಿದ್ದಳು. ಡಾಕ್ಟರು ನೆಲ ನೋಡಿದರು, ಒಳ್ಳೆಯ ಮನುಷ್ಯ. ನಾನು ಇಂಚಿನ ಕಿವಿಯ ಬಳಿ ಬಗ್ಗಿ, "ನಿಲ್ಲೋ, ಅವನಿಗೋಸ್ಕರ ಒಂದ್ಸಲ ನಿಲ್ಲೋ" ಎಂದೆ. ಅದು ಕಣ್ಣು ಮುಚ್ಚಿಕೊಂಡಿತು. ಮುಗಿಯಿತು ಎಂದುಕೊಂಡೆ.

"ಇರ್ಲಿ, ಎದೆ ಸುತ್ತಳತೆ ತಗೋತೀನಿ," ಎಂದು ಆಕೆ ಜೇಬಿನಿಂದ ಟೇಪು ತೆಗೆದು ಸರ್ರನೆ ಎಳೆದರು.

ಇಂಚು ಚಂಗನೆ ಎದ್ದು ನಿಂತಿತು. ನಾಲ್ಕು ಕಾಲೂ ಕಂಬ, ಬೆನ್ನು ಗೆರೆ ಎಳೆದ ಹಾಗೆ, ಕತ್ತು ಮೇಲೆ, ಉಸಿರು ಬಿಗಿಹಿಡಿದು, ದೃಷ್ಟಿ ನೇರ. ಅಂಥ ನಿಲುವನ್ನು ಆ ಮೈದಾನ ಅಂದು ಕಂಡಿರಲಿಲ್ಲ. ಜನ ಹೋ ಎಂದರು. ಚಪ್ಪಾಳೆ ತಟ್ಟಿದರು. ಆಮೇಲೆ ನಕ್ಕರು. ಚಪ್ಪಾಳೆಗಿಂತ ನಗು ಯಾಕೆ ಜೋರಾಗಿದೆ ಎಂದು ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಿಳಿಯಿತು. ಇಂಚಿನ ಪಕ್ಕದಲ್ಲಿ ನಾನೂ ಎರಡೂ ಕೈ ಚಾಚಿ, ಹೊಟ್ಟೆ ಒಳಗೆಳೆದುಕೊಂಡು, ದೂರದ ಗೋಡೆ ನೋಡುತ್ತ ನಿಂತಿದ್ದೆ.

ಆಕೆ ನಾಯಿಯನ್ನು ಅಳೆದರು. "ಹದಿನಾರು." ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಟೇಪನ್ನು ನನ್ನ ಸೊಂಟಕ್ಕೆ ಸುತ್ತಿದರು.

"ನಲವತ್ತು."

"ಇಲ್ಲ ಮೇಡಂ, ಮೂವತ್ತನಾಲ್ಕು! ಮೂವತ್ತು ವರ್ಷದಿಂದ..."

ಮಾತಾಡಲು ಉಸಿರು ಬಿಡಬೇಕಾಗುತ್ತದೆ ಎಂಬುದನ್ನು ಮರೆತಿದ್ದೆ. ಪ್ಯಾಂಟಿನ ಗುಂಡಿ ಟಪ್ಪನೆ ಹಾರಿ ಹುಲ್ಲಿನಲ್ಲೆಲ್ಲೋ ಬಿತ್ತು. "ನಾಯೀನ ಕೆಳಗಿಳಿಸಿ ನಡೆಸಿ," ಎಂದರು ಆಕೆ, ಏನೂ ಆಗದವರಂತೆ. ಒಂದು ಕೈಯಲ್ಲಿ ಪ್ಯಾಂಟು, ಒಂದು ಕೈಯಲ್ಲಿ ಪಟ್ಟಿ ಹಿಡಿದು ಹೆಜ್ಜೆ ಇಟ್ಟೆ. ಆದರೆ ನಡೆಸಿದ್ದು ನಾನಲ್ಲ. ಇಂಚು ಮೂಗು ನೆಲಕ್ಕಿಟ್ಟು, ನನ್ನನ್ನು ಎಳೆದುಕೊಂಡು ಅಂಕಣವನ್ನೆಲ್ಲ ಸುತ್ತಿ, ಹುಲ್ಲಿನಲ್ಲಿ ಗುಂಡಿಯನ್ನು ಹುಡುಕಿ, ಬಾಯಲ್ಲಿ ಕಚ್ಚಿ ತಂದು ನನ್ನ ಪಾದದ ಬಳಿ ಇಟ್ಟಿತು. ಇಟ್ಟು ನನ್ನ ಮುಖ ನೋಡಿತು. ಬಾಲ ಒಂದು ಸಲ ಅತ್ತ ಹೋಯಿತು, ಒಂದು ಸಲ ಇತ್ತ. ಆಮೇಲೆ ಮಿಷನ್ ಓಡತೊಡಗಿತು.

ಇಡೀ ಮೈದಾನ ನಗುತ್ತಿತ್ತು. ನಾನು ಅಳುತ್ತಿದ್ದೆ. ಪ್ಯಾಂಟು ಬಿಟ್ಟು ಕಣ್ಣೊರೆಸಿಕೊಳ್ಳುವಂತಿರಲಿಲ್ಲ, ಹಾಗಾಗಿ ಎಲ್ಲರಿಗೂ ಕಾಣಿಸಿತು.

ಇಂಚಿಗೆ ಎರಡನೇ ಬಹುಮಾನ ಬಂತು. ತೀರ್ಪಿನ ಚೀಟಿಯಲ್ಲಿ ಹೀಗಿತ್ತು: "ನಾಯಿ: ನಿಲುವು ಅತ್ಯುತ್ತಮ, ಬಾಲ ಬಹಳ ಚುರುಕು. ಹಿಡಿದವರು: ನಿಲುವು ಉತ್ತಮ, ಸುತ್ತಳತೆ ಮಿತಿ ಮೀರಿದೆ, ವ್ಯಾಯಾಮ ಬೇಕು." ಡಾಕ್ಟರು ಕೈಕುಲುಕಿ, "ನಾಯಿ ನಿಮ್ಮದೇ ಸಾರ್," ಎಂದು ತಮ್ಮ ಬೆಲ್ಟು ಬಿಚ್ಚಿಕೊಟ್ಟರು. (ಅದು ನನಗೆ ಸಾಲಲಿಲ್ಲ.)

ಮನೆಗೆ ಬಂದವಳೇ ಹೆಂಡತಿ ಬುಟ್ಟಿಯಿಂದ ದರ್ಜಿಯ ಅಳತೆ ಪುಸ್ತಕ ತೆಗೆದಳು. ಹಿಂದಿನ ಪುಟಗಳಲ್ಲಿ ಪ್ರತಿ ಭಾನುವಾರದ್ದೂ ಇಂಚಿನ ಅಳತೆ: ಎದೆ, ಎತ್ತರ, ಉದ್ದ. ಅಳೆದಾದ ಮೇಲೆ 'ಬಿಸ್ಕತ್ತು ೧' ಎಂಬ ಟಿಪ್ಪಣಿ. ಆ ನಿಲುವಿನ ಗುಟ್ಟು ಐದು ವಾರ ನಮ್ಮ ಮನೆಯಲ್ಲೇ ಇತ್ತು. ಏಳು ಪುಸ್ತಕ ಓದಿದವನು ಎಂಟನೆಯದನ್ನು ಬಿಡಿಸಿ ನೋಡಿರಲಿಲ್ಲ. ಮುಂದಿನ ಪುಟಗಳಲ್ಲಿ ನಾನಿದ್ದೆ. ಹೆಂಡತಿ ಗಟ್ಟಿಯಾಗಿ ಓದಿದಳು:

"ಪುಸ್ತಕದ ಹುಳ. ಸೊಂಟ. ಹೇಳುವುದಕ್ಕೆ ಮೂವತ್ತನಾಲ್ಕು, ಹೊಲಿಯುವುದಕ್ಕೆ ನಲವತ್ತು."

"ನಿನಗೆ ಮೊದಲೇ ಗೊತ್ತಿತ್ತೇನೇ?"

"ನಿಮ್ಮ ಪ್ಯಾಂಟು ಒಗೆದು ಹರವೋಳು ನಾನಲ್ವಾ? ನೀವು ಹೇಳ್ಕೊಂಡು ಓಡಾಡ್ತಿದ್ರಿ, ಅವರೂ ಖುಷಿಯಾಗಿದ್ರು. ಹಾಳು ಮಾಡೋದ್ಯಾಕೆ ಅಂತ ಸುಮ್ಮನಿದ್ದೆ."

ಈಗ ಪ್ರತಿ ಬೆಳಿಗ್ಗೆ ಇಂಚು ನನ್ನನ್ನು ಮೂರು ಮೈಲಿ ನಡೆಸುತ್ತದೆ. ಭಾನುವಾರ ಹೆಂಡತಿ ಟೇಪು ಎಳೆಯುತ್ತಾಳೆ, ನಾವಿಬ್ಬರೂ ಸಾಲಾಗಿ ನಿಲ್ಲುತ್ತೇವೆ. ಮೊದಲು ಇಂಚು: ಹದಿನಾರು, ಬಿಸ್ಕತ್ತು ಒಂದು. ಆಮೇಲೆ ನಾನು. ಹೋದ ಭಾನುವಾರ ಅವಳು ನನ್ನ ಸೊಂಟಕ್ಕೆ ಟೇಪು ಸುತ್ತಿ, ಬಹಳ ಹೊತ್ತು ನೋಡಿದಳು.

"ಹೇಳೋದಕ್ಕೆ ಬೇಕಾ, ಬರೆಯೋದಕ್ಕೆ ಬೇಕಾ?"

"ಹೇಳೋದಕ್ಕೆ."

"ಮೂವತ್ತನಾಲ್ಕು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ನನ್ನ ಪಾಲಿನ ಬಿಸ್ಕತ್ತನ್ನೂ ಇಂಚಿಗೆ ಹಾಕಿ, ಪುಸ್ತಕದಲ್ಲಿ ನಲವತ್ತೂ ಮುಕ್ಕಾಲು ಎಂದು ಬರೆದುಕೊಂಡಳು.