ಸಡಿಲ ಬಿಟ್ಟ ಗಾಜಿನ ಎಳೆ

"ಅಳತೆಗೆ ಹೋದ ಕಡೆಯೆಲ್ಲ ಜನ ಸಹಾಯಕ್ಕೆ ಬಂದ್ಬಿಡ್ತಾರೆ ಮೇಡಂ, ಅಲ್ಲೇ ಕೆಡೋದು" ಅಂತ ನನಗೆ ಮೊದಲು ಹೇಳಿದವರು ನಮ್ಮ ಕಂಪನಿಯ ಜೀಪ್ ಡ್ರೈವರ್. ನಂದಗುಡಿ ಕಡೆಯ ಹೊಸ ಸೇತುವೆಗೆ ಹೋಗುವ ತನಕ ನಾನು ನಂಬಿರಲಿಲ್ಲ.

ಭಾರ ಬಿದ್ದಾಗ ಸೇತುವೆ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತದೆ. ಅದನ್ನು ಅಳೆಯಲು ಅಂಚಿನುದ್ದಕ್ಕೂ ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್, ಅಂಟಿಸುತ್ತೇವೆ. ಬಿಸಿಲಿಗೂ ಅಳತೆ ಏರುಪೇರಾಗುವುದರಿಂದ ಪಕ್ಕದಲ್ಲೇ ಇನ್ನೊಂದು ಎಳೆಯನ್ನು ಅಂಟಿಸದೆ ಸಡಿಲ ಬಿಡುತ್ತೇವೆ. ಅದು ಬಿಸಿಲಿನ ಲೆಕ್ಕ ಕೊಡುತ್ತದೆ. ಕಳೆದರೆ ಉಳಿಯುವುದು ಭಾರದ ಲೆಕ್ಕ. ಅಳತೆ ಸರಿಬರುವ ತನಕ ಸೇತುವೆ ತೆರೆಯುವಂತಿಲ್ಲ, ಹಾಲಿನ ವ್ಯಾನು ಊರೊಳಗೆ ಬರುವಂತಿಲ್ಲ. ಆ ಊರಿನ ಅಕ್ಕ ಒಬ್ಬರು ದಿನಾ ಕ್ಯಾನು ಹೊತ್ತು ಸೇತುವೆ ದಾಟುತ್ತಾ, ಇದನ್ನು ಕಟ್ಟಿದವರೇ ಇಷ್ಟು ದಿನ ತಗೊಂಡಿರಲಿಲ್ಲ ಅನ್ನುತ್ತಿದ್ದರು.

೧. ಮೇಸ್ತ್ರಿಯ ಉಪಕಾರ

ಮೊದಲ ದಿನ ಜಲ್ಲಿ ತುಂಬಿದ ಲಾರಿ ಹತ್ತಿಸಿದರೂ ಮಿಷನ್ನಿನಲ್ಲಿ ಸೊನ್ನೆ. ಕಂಟ್ರಾಕ್ಟರಿಗೆ ಖುಷಿಯೋ ಖುಷಿ. ಇಂಥ ಗಟ್ಟಿ ಸೇತುವೆ ತಾಲ್ಲೂಕಿನಲ್ಲೇ ಇಲ್ಲ ಅಂತ ಬರೆದುಕೊಡಿ ಅಂದರು. ಬಗ್ಗಿ ನೋಡಿದರೆ ಸಡಿಲ ಎಳೆಯೂ ಭದ್ರವಾಗಿ ಅಂಟಿಕೊಂಡಿದೆ. ಎರಡೂ ಒಂದೇ ಲೆಕ್ಕ ಕೊಟ್ಟರೆ ಕಳೆದಾಗ ಉಳಿಯುವುದೇನು? ಮೇಸ್ತ್ರಿಯನ್ನು ಕೇಳಿದೆ.

"ನೀವು ಮರ್ತು ಹೋಗಿದ್ರಿ. ಪಾಪ ಹೆಣ್ಮಗಳು, ಮೇಲಿನವ್ರ ಹತ್ರ ಯಾಕೆ ಬೈಸ್ಕೋಬೇಕು ಅಂತ ನಾನೇ ಅಂಟಿಸ್ಬಿಟ್ಟೆ. ಯಾರ್ಗೂ ಹೇಳಿಲ್ಲ ಬಿಡಿ."

೨. ಅರ್ಧ ಬಿಸಿಲು

ಹೊಸ ಎಳೆ ಹಾಕಿದೆವು. ಈ ಸಲ ಖಾಲಿ ಸೇತುವೆಯೇ ಮಧ್ಯಾಹ್ನ ಲಾರಿ ಹೊತ್ತಂತೆ ಲೆಕ್ಕ ಕೊಟ್ಟಿತು. ಗಾಡಿ ಓಡದ ನುಣ್ಣನೆ ಕಾಂಕ್ರೀಟು ಕಂಡು ಊರವರು ರಾಗಿ ತೆನೆ ಹರವಿದ್ದರು. ಅಂಟಿಸಿದ ಎಳೆ ತೆನೆಯಡಿ ತಂಪಾಗಿ ಮಲಗಿತ್ತು, ಸಡಿಲ ಎಳೆ ಆಚೆ ಬಿಸಿಲಲ್ಲಿ ಕಾಯುತ್ತಿತ್ತು. ಎರಡಕ್ಕೂ ಒಂದೇ ಥರ ಇರಬೇಕು ಅಂತ ಹಾಲಿನ ಅಕ್ಕನಿಗೆ ಬಿಡಿಸಿ ಹೇಳಿದೆ. ಅರ್ಥವಾಯಿತು ಅಂದರು. ಮಾರನೆಯ ದಿನ ಎರಡೂ ಮುಚ್ಚುವಷ್ಟು ತೆನೆ ತಂದು ಹರವಿದರು.

ಅಳತೆ ಮೊದಲ ಸಲ ಸರಿಬಂದದ್ದು ಅವತ್ತೇ.

೩. ಇನ್ನೊಂದು ಸುತ್ತು

ಒಂದು ಸಲ ಸರಿಬಂದರೆ ಸಾಲದು, ಪ್ರತಿ ಸುತ್ತಿಗೂ ತಾಳೆಯಾಗಬೇಕು. ಲಾರಿ ತೆನೆಯ ಮೇಲೇ ನಿಧಾನಕ್ಕೆ ಹೋಗುವುದು, ನಿಧಾನಕ್ಕೆ ಬರುವುದು. ಅಕ್ಕ ಹಿಂದಿನಿಂದ ತೆನೆ ತಿರುವುವುದು. ನಾನು ಸ್ಕ್ರೀನು ನೋಡಿ ಸಾಕು ಅಂದರೆ, ಅವರು ಕಾಳು ನೋಡಿ ಇನ್ನೊಂದು ಸುತ್ತು ಅನ್ನುವರು. ಲಾರಿಯವನು ಅವರ ಮಾತನ್ನೇ ಕೇಳುತ್ತಿದ್ದ.

ಕೊನೆಗೆ ಎಲ್ಲ ತಾಳೆಯಾಯಿತು. ರಿಪೋರ್ಟು ಕೊಡುತ್ತೇನೆ, ಇನ್ನು ವ್ಯಾನು ಮನೆ ಬಾಗಿಲಿಗೇ ಬರುತ್ತದೆ ಅಂತ ಅಕ್ಕನಿಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಹಾಲು ನಾನು ಹೊತ್ಕೊಂಡೇ ಬರ್ತೀನಿ ಕಣಮ್ಮ, ಅದಕ್ಕೇನು. ಹುರುಳಿ ಇನ್ನೂ ಹೊಲದಲ್ಲೇ ಐತೆ. ಅಳತೆ ಇನ್ನೊಂಚೂರು ನಿಖರ ಆಗ್ಬೇಕಂತೆ ಅಂತ ನಿಮ್ಮ ಸಾಹೇಬ್ರಿಗೆ ಹೇಳ್ಬಿಡು."