ಐಸಿಯುನಲ್ಲಿ ಹಾಜರಿ

ಚಿಕ್ಕಮಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನಾನು ದುಭಾಷಿ. ರೋಗಿಯ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ರೋಗಿಯ ಕಡೆಯವರಿಗೆ ದಾಟಿಸುವುದು ಕೆಲಸ. ಮೊದಲು ಬಾಳೂರು ಕಡೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ತಮಿಳು, ಹಿಂದಿ, ಅಸ್ಸಾಮಿ ಎಲ್ಲ ಅಲ್ಲಿನ ಕೂಲಿ ಲೈನಿನ ಸಾಲುಮನೆಗಳಲ್ಲೇ ಕಲಿತದ್ದು. ಐಸಿಯು ನಗುವ ಜಾಗ ಅಲ್ಲ, ನಿಜ. ಆದರೂ ವಾರಕ್ಕೊಂದು ಎಡವಟ್ಟು ತಪ್ಪಿದ್ದಲ್ಲ.

ನಾನೇ ರೋಗಿ

ನಮಗೊಂದು ಕಟ್ಟುನಿಟ್ಟಿನ ನಿಯಮ ಇದೆ. ರೋಗಿ 'ನನಗೆ' ಎಂದರೆ ನಾವೂ 'ನನಗೆ' ಎಂದೇ ಹೇಳಬೇಕು. ಒಮ್ಮೆ ತಮಿಳು ಅಜ್ಜಿಯೊಬ್ಬರ ಮಾತನ್ನು ಡಾಕ್ಟರಿಗೆ ಹೇಳುತ್ತಿದ್ದೆ. "ನಂಗೆ ಎದೆ ಹಿಂಡ್ತಿದೆ, ಎಡಗೈ ಜೋಮು ಹಿಡಿದಿದೆ." ಅವತ್ತಷ್ಟೇ ಕೆಲಸಕ್ಕೆ ಸೇರಿದ ನರ್ಸ್ ಹಿಂದಿನಿಂದ ವೀಲ್‌ಚೇರ್ ತಂದು ನನ್ನನ್ನು ಕೂರಿಸಿಯೇ ಬಿಟ್ಟರು.

"ನಂಗೇನಾಗಿಲ್ಲ ಸಿಸ್ಟರ್."

"ಎಲ್ಲರೂ ಹಾಗೇ ಅಂತಾರೆ. ಸುಮ್ನೆ ಕೂತ್ಕೊಳ್ಳಿ."

ಬಿಪಿ ನೋಡಿದರೆ ನಿಜಕ್ಕೂ ಜಾಸ್ತಿಯಿತ್ತು. ಅವತ್ತಿನಿಂದ ಮಾತ್ರೆ ನುಂಗುತ್ತಿದ್ದೇನೆ.

ಮೇಸ್ತ್ರಿಗೆ ಎಲ್ಲ ಗೊತ್ತು

ಕಾಫಿ ತೋಟದಲ್ಲಿ ನೆರಳಿನ ಕೊಂಬೆ ಕಡಿಯುವ ಮರಗಸಿ ಮಾಡುವಾಗ ಸಿಲ್ವರ್ ಓಕ್ ಮರದಿಂದ ಬಿದ್ದ ಅಸ್ಸಾಮಿನ ಆಳೊಬ್ಬನನ್ನು ತಂದರು. ಪ್ರಜ್ಞೆ ಇರಲಿಲ್ಲ. ಜೊತೆಗೆ ಅವನ ಹೆಂಡತಿ ಮತ್ತು ಆಳುಗಳ ಉಸ್ತುವಾರಿಯ ಮೇಸ್ತ್ರಿ, ನನ್ನ ರೈಟರ್ ದಿನಗಳ ಪರಿಚಯ. ಡಾಕ್ಟರು ಕೇಳಿದ್ದನ್ನು ನಾನು ಹೆಂಡತಿಗೆ ಹೇಳುವಷ್ಟರಲ್ಲಿ ಮೇಸ್ತ್ರಿಯ ಉತ್ತರ ಬಂದಿರುತ್ತಿತ್ತು. ಸಕ್ಕರೆ ಕಾಯಿಲೆ? "ಇಲ್ಲ." ಕುಡಿತ? "ಭಾನುವಾರ ಮಾತ್ರ."

"ಹೆಂಡ್ತಿ ಹೇಳ್ಲಿ ಮಾರಾಯ," ಎಂದೆ.

"ಅವಳಿಗೇನು ಗೊತ್ತು ರೈಟರೇ? ಹಗಲೆಲ್ಲ ನನ್ನ ಕಣ್ಣೆದುರಿಗೇ ಇರ್ತಾನೆ."

"ಗೊರಕೆ ಹೊಡೀತಾನಾ?" ಎಂದು ಡಾಕ್ಟರು ಕೇಳಿದರು. ಮೇಸ್ತ್ರಿ ಹೆಂಡತಿಯ ಕಡೆ ಕೈ ತೋರಿಸಿದ.

"ಅದು ಅವಳ ಡಿಪಾರ್ಟ್‌ಮೆಂಟು ಸಾರ್."

ಹಾಜರಿ

ಅದೇ ಆಳು. ನಿದ್ದೆ ಔಷಧಿ ನಿಲ್ಲಿಸಿ ಮೂರು ದಿನವಾಗಿತ್ತು. ಹೇಳಿದ ಮಾತು ಕೇಳಿ ಕೈ ಎತ್ತಿದರೆ ಮೆದುಳು ಸರಿಯಿದೆ ಎಂದು ಲೆಕ್ಕ. ನಾನು ಅಸ್ಸಾಮಿಯಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ. ಅವನು ಅಲುಗಲಿಲ್ಲ. "ನನಗೆ ಭರವಸೆ ಕಡಿಮೆಯಾಗ್ತಿದೆ," ಎಂದು ಡಾಕ್ಟರು ಹೇಳಿದ್ದನ್ನು ಹೆಂಡತಿಗೆ ನಾನು ಅದೇ 'ನನಗೆ' ಹಾಕಿ ಹೇಳಬೇಕಾಯಿತು. ಆಕೆ ಮಂಚದ ಸರಳು ಹಿಡಿದು ನಿಂತೇ ಇದ್ದಳು.

ಮೇಸ್ತ್ರಿ ಮುಂದೆ ಬಂದ. ಸೊಂಟಕ್ಕೆ ಕೈಯಿಟ್ಟು, ದಿನಾ ಬೆಳಿಗ್ಗೆ ಹಾಜರಿ ಕೂಗುವ ಗಂಟಲಲ್ಲೇ ಅವನ ಹೆಸರು ಕೂಗಿದ. ಇಡೀ ಐಸಿಯು ತಿರುಗಿ ನೋಡಿತು.

ಡ್ರಿಪ್ಪಿನ ನಳಿಕೆ ಸಮೇತ ಬಲಗೈ ನಿಧಾನಕ್ಕೆ ಮೇಲೆದ್ದಿತು.

ಹೆಂಡತಿ ಅಳುತ್ತ ನೆಲಕ್ಕೆ ಕುಸಿದಳು. ಡಾಕ್ಟರು ಮೇಸ್ತ್ರಿಯ ಕೈ ಕುಲುಕಿದರು. ಮೇಸ್ತ್ರಿ ಕಣ್ಣೊರೆಸಿಕೊಂಡು ಗೋಡೆ ಗಡಿಯಾರ ನೋಡಿದ.

"ಲೇಟಾಗಿ ಕೈ ಎತ್ತಿದ್ದಾನೆ ಸಾರ್. ಅರ್ಧ ದಿನ ಮಾತ್ರ ಹಾಕ್ತೀನಿ."